ನೀರು ತಿರುಗುವ ಹೊತ್ತು

ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಕಪ್ಪೆಚಿಪ್ಪು ಬೇಯಿಸುವ ಕೊಟ್ಟಿಗೆಯಲ್ಲಿ ಮನೆಯ ಹೆಂಗಸರೆಲ್ಲ ಒಲೆಯ ಸುತ್ತ ಮುದುಡಿ ಕೂತಿದ್ದರು. "ದೆವ್ವ ಅಂದ್ರೆ ನನಗೆ ನಗು ಬರುತ್ತಪ್ಪ" ಎಂದಳು ಹೊಸ ಸೊಸೆ. ಒಳನಾಡಿನಿಂದ ಮದುವೆಯಾಗಿ ಬಂದವಳು; ಕಡಲು ಕಂಡು ತಿಂಗಳೂ ಆಗಿರಲಿಲ್ಲ. ಗಂಡನ ಅಜ್ಜಿ ಒಲೆಗೆ ಸೌದೆ ತಳ್ಳಿ ಅವಳತ್ತ ತಿರುಗಿದಳು.

"ನಗು ತಾಯಿ, ನಗು... ನನ್ನ ಓರಗಿತ್ತಿಯೂ ಹೀಗೇ ನಗ್ತಿದ್ದಳು. ನನ್ನ ಗಂಡನ ಅಣ್ಣನ ಹೆಂಡತಿ, ಅಕ್ಕ ಅಂತಿದ್ದೆ. ಇಳಿತದಲ್ಲಿ ಮರಳ ದಿಬ್ಬಕ್ಕೆ ಹೋಗಿ ಚಿಪ್ಪು ಆಯೋದು ಆಗಲೂ ಇತ್ತು. ಆಯೋರು ನೀರು ನೋಡ್ತಾ ನಿಂತರೆ ಬುಟ್ಟಿ ತುಂಬುತ್ತಾ? ಅದಕ್ಕೇ ದಡದಲ್ಲೊಬ್ಬರು ನಿಂತು, ನೀರು ತಿರುಗಿ ಏರೋಕೆ ಶುರುವಾದ ಕೂಡಲೇ ಕೂಗಬೇಕು. ಆ ಕೆಲಸ ನಮ್ಮತ್ತೆಯದು. ಕಡಲು ಗಡಿಯಾರದ ಮಾತು ಕೇಳೋದಿಲ್ಲ ತಾಯಿ, ಅದು ಚಂದ್ರನ ಬಾಲ. ಅವನು ದಿನಾ ತಡಮಾಡಿ ಏಳ್ತಾನೆ, ನೀರೂ ದಿನಾ ಮುಕ್ಕಾಲು ಗಂಟೆಯಷ್ಟು ತಡವಾಗಿ ತಿರುಗುತ್ತೆ. ಅತ್ತೆ ನಿನ್ನೆಯ ಹೊತ್ತಿಗೆ ಅಷ್ಟು ಸೇರಿಸ್ಕೊಂಡು ದಡಕ್ಕೆ ಹೋಗ್ತಿದ್ದರು.

ಒಂದ್ಸಲ ಜ್ವರ ಬಂದು ಮಲಗಿದರು. ಎದ್ದ ದಿನ ದೊಡ್ಡ ಮಗನನ್ನ ಕೇಳಿದರು, 'ನೀರು ಎಷ್ಟು ಹೊತ್ತಿಗೋ?' 'ಮಧ್ಯಾಹ್ನದ ಸೈರನ್ನಿಗಮ್ಮ' ಅಂದ. ಅವನು ಹೇಳಿದ್ದು ಇವತ್ತಿನ ಲೆಕ್ಕ, ಆಗಲೇ ಸೇರಿಸಿ. ಇವರು ನಿನ್ನೇದು ಅಂದ್ಕೊಂಡು ಅದರ ಮೇಲೆ ಮತ್ತೆ ಸೇರಿಸಿದರು... ಹಣೆಬರಹ ಅನ್ನಲಾ, ಏನನ್ನಲಿ?

ದಡಕ್ಕೆ ಬರೋ ಹೊತ್ತಿಗೆ ದಡಕ್ಕೂ ದಿಬ್ಬಕ್ಕೂ ನಡುವಿನ ತಗ್ಗು ತುಂಬಿಹೋಗಿತ್ತು. ದಿಬ್ಬದ ಮೇಲೆ ಅಕ್ಕ ಒಬ್ಬಳೇ, ಇನ್ನೂ ಬಗ್ಗಿಕೊಂಡೇ... 'ಅತ್ತೇ, ನೀರು ತಿರುಗಿತಾ?' ಅಂದಳು. ಅತ್ತೆ ಗಾಬರಿಯಲ್ಲಿ, 'ತಿರುಗಿತು, ಓಡಿ ಬಾ!' ಅಂದರು. ಅತ್ತೆ ಅಂದದ್ದು ಅವಳಿಗೆ ವೇದವಾಕ್ಯ. ಓಡಿದಳು... ಸೀದಾ ಆ ತಗ್ಗಿಗೇ ಇಳಿದಳು. ಒಂದು ಚೀರಾಟ, ಮುಳುಗಿಹೋದಳು. ಅಲ್ಲೇ ನಿಂತಿರು ಅಂದಿದ್ದರೆ ದೋಣಿ ತರ್ತಿದ್ದೆವು.

ಮರುದಿನ, ನೀರಿನ ಹಾಗೇ ತಡವಾಗಿ, ಖಾಲಿ ದಿಬ್ಬದಿಂದ ಅದೇ ದನಿ. 'ಅತ್ತೇ, ನೀರು ತಿರುಗಿತಾ?' ಅತ್ತೆ ಅಭ್ಯಾಸಬಲದಿಂದ 'ತಿರುಗಿತು' ಅಂದುಬಿಟ್ಟರು. ನೀರಲ್ಲಿ ಓಡೋ ಸದ್ದು... ಆಮೇಲೆ ಅದೇ ಚೀರಾಟ. ಸತ್ತವಳು ಇನ್ನೊಂದು ಸಲ ಸತ್ತಳು. ಅತ್ತೆ ಮರಳಲ್ಲಿ ಬಿದ್ದು ಹೊರಳಾಡಿ ಅತ್ತರು. ಅಲ್ಲಿಂದಾಚೆ ಸಾಯೋವರೆಗೂ ಒಂದೇ ಸುಳ್ಳು. 'ಇನ್ನೂ ಇಲ್ಲ ಮಗಳೇ, ಹೊತ್ತಿದೆ, ನಿಧಾನಕ್ಕೆ ಆಯ್ಕೋ.' ಅಷ್ಟಂದರೆ ಸಾಕು, ಸುಮ್ಮನಾಗ್ತಾಳೆ. ಅತ್ತೆ ಹೋದಮೇಲೆ ನಾನು ಹೇಳ್ತಾ ಬಂದಿದ್ದೀನಿ. ದನಿ ಬೇರೆ ಅಂತ ಪಾಪ ಅವಳಿಗೆ ತಿಳಿಯಲೇ ಇಲ್ಲ..."

ಹೊಸ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ತಟ್ಟನೆ ಮಾತು ನಿಲ್ಲಿಸಿ ಕಡಲ ಕಡೆಯ ಬಾಗಿಲಿಗೆ ಕಿವಿಗೊಟ್ಟಳು.

"ನೋಡಿದೆಯಾ, ನೀರು ತಿರುಗೋದು ದಿನಾ ಸರಿದೂ ಸರಿದೂ ಈ ಹೊತ್ತಿಗೆ ಬಂದಿದೆ... ಈ ಮಳೆ ದಾಟಿ ಹೋಗೋವಷ್ಟು ದನಿ ನನಗಿಲ್ಲ ತಾಯಿ. ಏಳು, ಬಾಗಿಲು ತೆಗೆದು ನೀನೇ ಹೇಳು. ಅವಳು ಆಗಲೇ ಎರಡು ಸಲ ಕೇಳಿದಳು."