ಸೂರಿನ ಮೇಲಿನ ಹಿಮ

ಜಪಾನಿನ ಹಿಮ ಸುರಿಯುವ ಊರು ತೋಕಾಮಾಚಿಯ ಬಸ್ ನಿಲ್ದಾಣದಲ್ಲಿ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಕೈ ಕಾಯಿಸಿಕೊಳ್ಳುತ್ತಿದ್ದ ಮಿಸಾವೊಗೆ ಹಿಂದಿನ ಬೆಂಚಿನ ಮಾತು ಕೇಳಿಸಿತು. ಒಬ್ಬ ಮುದುಕಿ, ಜೊತೆಗೆ ಆಕೆಯ ಮೈದುನ.

"ಅತ್ತಿಗೆ, ಸೂರಿನ ಮೇಲೆ ಹಿಮ ಎಷ್ಟಿದೆ?"

"ಎದೆಮಟ್ಟ ಇದೆ. ನಿನ್ನೆ ಅದರ ಮೇಲೆ ಮಳೆನೂ ಬಿತ್ತು."

"ಹಂಗಾದ್ರೆ ತುಂಬಿದ ಏಳೆಂಟು ಲಾರಿ ನಿಲ್ಲಿಸಿದಷ್ಟು ಭಾರ. ಒಳಗಿನ ಜಾರುಬಾಗಿಲು ಸರಿಯುತ್ತಾ?"

"ಬೆಳಗ್ಗೆಯಿಂದ ಕಚ್ಕೊಂಡಿದೆ. ಎಷ್ಟು ತಳ್ಳಿದ್ರೂ ಅಲ್ಲಾಡಲ್ಲ."

"ಹಂಗಾದ್ರೆ ಭಾರಕ್ಕೆ ತೊಲೆ ಬಗ್ಗಿ ಬಾಗಿಲನ್ನ ಒತ್ತುತಾ ಇದೆ. ಇವತ್ತೇ ಸೂರು ಹತ್ತಿ ಹಿಮಾನ ಕೆಳಕ್ಕೆ ತಳ್ಳಿಬಿಡ್ತೀನಿ."

"ಬೇಡ, ತೋಕುಜಿ."

"ಹಗ್ಗ ಕಟ್ಕೊಂಡೇ ಹತ್ತೋದು."

"ನಿಮ್ಮಣ್ಣನೂ ಹೋದ ವರ್ಷ ಕಟ್ಕೊಂಡೇ ಹತ್ತಿದ್ರು. ಹಿಮ ಅಗೆದು ಅವರನ್ನ ಹೊರಗೆ ತೆಗೆದಾಗ ಹಗ್ಗ ಹಂಗೇ ಸೊಂಟದಲ್ಲಿತ್ತು."

ಮಿಸಾವೊ ತಿರುಗಿ ನೋಡಲಿಲ್ಲ.

"ಅಣ್ಣ ಕೈಯಾರೆ ಕಟ್ಟಿದ ಮನೆ, ಅತ್ತಿಗೆ. ಬಿದ್ದುಹೋಗುತ್ತೆ."

"ಮನೆ ಬಿದ್ರೆ ಬೀಳ್ಲಿ. ನೀನು ಬೀಳಬೇಡ. ಅವರ ಫೋಟೊ ಈ ಚೀಲದಲ್ಲಿದೆ. ಹಿಮ ಕರಗೋವರೆಗೆ ನಿಮ್ಮನೇಲಿ ನನಗೊಂದು ಮೂಲೆ ಕೊಡು, ಸಾಕು."

ಬಸ್ಸು ಬಂದು ನಿಂತಿತು. ಮೈದುನ ಎದ್ದು ಚೀಲವನ್ನು ಎರಡೂ ಕೈಯಿಂದ ಎದೆಗವಚಿಕೊಂಡ.

"ಮೆಟ್ಟಿಲು ಜಾರುತ್ತೆ ಅತ್ತಿಗೆ, ನೋಡ್ಕೊಂಡು ಹತ್ತಿ," ಎಂದ.