ಹಿಂದಿನ ಚಕ್ರದ ಗಾಳಿ

೧೯೯೮, ನವೆಂಬರ್ ೧೧, ಬುಧವಾರ. ನನ್ನ ಡೈರಿಯಲ್ಲಿ ಆ ದಿನದ ಕೆಳಗೆ ಹೀಗಿದೆ: "ರಾತ್ರಿ ಹತ್ತು ನಲವತ್ತು. ಮೈದುನ ಒಂದೇ ಚಪ್ಪಲಿಯಲ್ಲಿ ಬಂದ. ನೀರು ಕೇಳಿದ. ಕುಡಿಯಲಿಲ್ಲ."

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವ ವಿಷಯವಲ್ಲ ಇದು... ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು, ನಮ್ಮ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಕಂಡದ್ದು, ಕೇಳಿದ್ದು, ಗಡಿಯಾರ ಹಿಡಿದು ಎಣಿಸಿದ್ದು, ಇಷ್ಟನ್ನೇ ಬರೆದಿಡುವುದು ನನ್ನ ರೂಢಿ. ಮಿಕ್ಕದ್ದು ಮೈದುನನೇ ಹೇಳಿದ್ದು. ಸುಳ್ಳು ಕಟ್ಟುವಷ್ಟು ಜಾಣತನ ಅವನಿಗೆ ಮೊದಲಿಂದಲೂ ಇಲ್ಲ.

ಮನೆಯವರೆಲ್ಲ ಅವನನ್ನು ಗುಜರಿ ಎಂದೇ ಕರೆಯುತ್ತಿದ್ದೆವು. ಹಳೇ ಬೈಕು ಕಂಡರೆ ಅವನ ಕರುಳು ಕರಗುತ್ತಿತ್ತು. ಮುಚ್ಚಿದ ಗಿರಣಿಯ ಹಿಂದೆ ಅವನ ವರ್ಕ್‌ಶಾಪು. ಆ ವರ್ಷ ಅಲ್ಲಿಗೆ ಬಂದದ್ದು ಟರ್ನರ್ ಯಜಮಾನರ ಬೈಕು.

ಟರ್ನರ್ ಯಜಮಾನರು ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು. ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು. ಅವರಿಗೊಂದು ಹುಚ್ಚು, ಟ್ರಯಲ್ಸ್ ಪಂದ್ಯ. ವೇಗದ ಪಂದ್ಯವಲ್ಲ ಅದು. ಕಲ್ಲುಬಂಡೆ, ಕೊರಕಲು, ಕಡಿದಾದ ಏರು... ಅವುಗಳ ಮೇಲೆ ಬೈಕನ್ನು ಆಮೆಯ ಹಾಗೆ ಹತ್ತಿಸಬೇಕು, ನಿಂತುಕೊಂಡೇ. ಕಾಲು ನೆಲಕ್ಕೆ ತಾಗಿದರೆ ಅಂಕ ಹೋಯಿತು. ಅದಕ್ಕೆಂದೇ ಅವರು ಮನೆಯ ಹಿತ್ತಲಲ್ಲಿ ಒಂದು ಬೈಕು ಕಟ್ಟಿದ್ದರು. ಮಂಚದ ಪೈಪಿನ ಚೌಕಟ್ಟು, ತಗಡು ಬಡಿದು ಮಾಡಿದ ಟ್ಯಾಂಕು, ಎಲ್ಲಿಂದಲೋ ತಂದ ಇಂಜಿನ್ನು. ಅಂಥದ್ದು ಇನ್ನೊಂದಿಲ್ಲ. ತಿಂಗಳ ಕೊನೆಗೆ ಅವರ ಹಳೆಯ ಜೊತೆಗಾರರೆಲ್ಲ ಕಲ್ಲುಕ್ವಾರಿಯ ಹತ್ತಿರ ಸೇರುವವರಿದ್ದರು. ಅಷ್ಟರೊಳಗೆ ಬೈಕು ಓಡುವಂತಾಗಲಿ ಎಂದು ಅವರ ಹೆಂಡತಿ, ಟರ್ನರಮ್ಮ, ಇವನಿಗೆ ಒಪ್ಪಿಸಿದ್ದರು.

"ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ," ಎಂದು ನನ್ನ ವಾರಗಿತ್ತಿ, ಅಂದರೆ ಗುಜರಿಯ ಹೆಂಡತಿ, ಗೊಣಗಿದಳು. "ದುಡ್ಡು ಕೊಡೋ ಗಾಡಿಗಳು ಸಾಲಾಗಿ ನಿಂತಿವೆ. ಇವರಿಗೆ ಸತ್ತವರ ಗಾಡಿ ಬೇಕು."

"ಸತ್ತಿರೋದು ಯಜಮಾನರು ಕಣೇ, ಗಾಡಿ ಅಲ್ಲ," ಎಂದ ಗುಜರಿ.

ಆ ಬುಧವಾರ ಸಂಜೆ ಅವನು ಕೆಲಸ ಶುರು ಮಾಡಿದ. ಹಳೇ ಗಾಡಿ ಬಂದರೆ ಯಾವ ಮೆಕ್ಯಾನಿಕ್ಕಾದರೂ ಮೊದಲು ಮಾಡುವುದು ಒಂದೇ. ಚಕ್ರ ಕಳಚಿ, ಇದ್ದಬದ್ದ ಗಾಳಿ ಬಿಡುವುದು. ಮುಂದಿನ ಟೈರು ಚಪ್ಪಟೆಯಾಗಿ ರಿಮ್ಮಿಗೆ ಅಂಟಿಕೊಂಡಿತ್ತು. ಹಿಂದಿನದು ಗುಂಡಗಿತ್ತು. ಇಪ್ಪತ್ತೊಂದು ವರ್ಷ ಶೆಡ್ಡಿನಲ್ಲಿ ನಿಂತ ಟೈರು... ಗುಂಡಗೆ. ಹೆಬ್ಬೆರಳಲ್ಲಿ ಒತ್ತಿದ. ಅಂಗೈ ಹಾಗೆ ಮೆತ್ತಗೆ ಬಗ್ಗಿ ಮತ್ತೆ ಎದ್ದಿತು.

"ಭಲೇ," ಎಂದುಕೊಂಡು ಮುಚ್ಚಳ ತೆಗೆದು ವಾಲ್ವಿನ ಪಿನ್ ಒತ್ತಿದ.

ಸ್ಸ್ಸ್...

ಒಂದು ನಿಮಿಷದಲ್ಲಿ ಮುಗಿಯಬೇಕು. ಮುಗಿಯಲಿಲ್ಲ. ಸ್ಸ್ಸ್... ಎಂದು ಒಂದೇ ಎಳೆಯಲ್ಲಿ ಬರುತ್ತಲೇ ಇತ್ತು. ಬೆರಳು ನೋವು ಬಂದು ಕೈ ಬದಲಿಸಿದ. ಆಗ ಗೊತ್ತಾಯಿತು. ಟೈರಿನಿಂದ ಬರುವ ಗಾಳಿ ಯಾವಾಗಲೂ ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು. ಬೆರಳ ತುದಿ ಒದ್ದೆಯಾಗಿತ್ತು, ಕನ್ನಡಿಗೆ ಬಾಯಿಟ್ಟು ಊದಿದರೆ ಮಂಜು ಕೂರುತ್ತದಲ್ಲ, ಹಾಗೆ.

ಕೊನೆಗೊಮ್ಮೆ ನಿಂತಿತು. ಟೈರು ಕುಸಿಯಿತು. ಗುಜರಿ ಬೆರಳನ್ನು ಬಟ್ಟೆಗೆ ಒರೆಸಿ ಬೇರೆ ಕೆಲಸ ಹಿಡಿದ. ಬಾಗಿಲು ಹಾಕುವಾಗ ಹತ್ತು ಗಂಟೆ ದಾಟಿತ್ತು.

ಗಿರಣಿಗೂ ಮನೆಗೂ ನಡುವೆ ಒಂದು ಹಾಳುಬಾವಿ. ರಾಟೆ ಇದೆ, ಹಗ್ಗವಿಲ್ಲ. ಅದರ ಪಕ್ಕದಲ್ಲಿ ದಿನಾ ಓಡಾಡಿದವನು ಅವನು. ಅವತ್ತು ಅಲ್ಲಿಗೆ ಬರುತ್ತಿದ್ದ ಹಾಗೆ ಬಾವಿಯೊಳಗಿಂದ ಕೇಳಿತು. ಹೂಂ... ಹೂಂ... ಯಾರೋ ಭಾರ ಹೊತ್ತು ಏರು ಹತ್ತುವಾಗಿನ ಉಸಿರು.

ನಂದೇ ಉಸಿರು, ಬಾವಿ ಮಾರ್ದನಿ ಕೊಡ್ತಿದೆ ಎಂದುಕೊಂಡ. ಉಸಿರು ಬಿಗಿಹಿಡಿದು ನಿಂತ.

ಅದು ನಿಲ್ಲಲಿಲ್ಲ.

ಎರಡು ಹೆಜ್ಜೆ ಇಟ್ಟ. ಈಗ ಅದು ಬಾವಿಯಲ್ಲಿರಲಿಲ್ಲ. ಅವನ ಕತ್ತಿನ ಹಿಂದಿತ್ತು. ಬೆಚ್ಚಗೆ... ಒದ್ದೆಯಾಗಿ... ಕೂದಲು ಅಲುಗುವಷ್ಟು ಹತ್ತಿರ. ಎದ್ದೆನೋ ಬಿದ್ದೆನೋ ಎಂದು ಓಡಿದ. ಚಪ್ಪಲಿ ಎಲ್ಲಿ ಹೋಯಿತೋ ತಿಳಿಯದು.

ಬಾಗಿಲು ತೆಗೆದವಳು ನಾನು.

"ಅತ್ತಿಗೆ," ಎಂದ, ಪಿಸುಮಾತಿನಲ್ಲಿ. "ನನ್ನ ಹಿಂದೆ ನೋಡಿ."

"ಯಾರೂ ಇಲ್ಲವಲ್ಲೋ."

"ಇದ್ದಾರೆ. ಕತ್ತಿಗೆ ಬಿಸಿ ತಾಗ್ತಿದೆ."

ಗದ್ದಲಕ್ಕೆ ಅವನ ಮಗಳು ಪುಟ್ಟಿ ಎದ್ದು ಬಂದಳು. ಎಂಟು ವರ್ಷದ ಕೂಸು, ನಿದ್ದೆಗಣ್ಣು. ಅಪ್ಪನ ಮುಂದೆ ನಿಂತು ಬಾಯಗಲಿಸಿ ದೊಡ್ಡದಾಗಿ ಆಕಳಿಸಿದಳು.

ಆ ಕ್ಷಣಕ್ಕೇ ಅವನ ಕತ್ತಿನ ಬಿಸಿ ನಿಂತುಹೋಯಿತು.

ಅವತ್ತು ರಾತ್ರಿಯೇ ಹುಡುಗಿಗೆ ಏದುಸಿರು ಶುರುವಾಯಿತು. ಜ್ವರವಿಲ್ಲ, ಕೆಮ್ಮಿಲ್ಲ. ಎದೆ ಮಾತ್ರ ತಿದಿಯ ಹಾಗೆ. ನಾನು ಗಡಿಯಾರ ಹಿಡಿದು ಕೂತೆ. ನಿಮಿಷಕ್ಕೆ ಇಪ್ಪತ್ತೆಂಟು. ಮರುರಾತ್ರಿ ಮೂವತ್ತೇಳು. ಅದರ ಮರುರಾತ್ರಿ ನಲವತ್ತಾರು. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು, ತೆಗೆದು, ಮತ್ತೆ ಇಟ್ಟು, "ಎದೆಯಲ್ಲಿ ಏನೂ ದೋಷ ಕಾಣ್ತಿಲ್ಲ, ಆದರೆ ಹೀಗೇ ಹೋದರೆ ಮಗು ಸುಸ್ತಾಗಿ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಆ ಅರ್ಧ ಮಾತೇ ಸಾಕಾಯಿತು. ವಾರಗಿತ್ತಿ ನನ್ನ ಸೆರಗು ಹಿಡಿದು, "ಅಕ್ಕಾ, ಏನಾದ್ರೂ ಮಾಡಿ" ಎಂದಳು. ನಾನೇನು ಮಾಡಲಿ? ಎಣಿಸುತ್ತಿದ್ದೆ.

ಆ ಟೈರೂ ಅಷ್ಟೇ. ಪಂಪು ಹೊಡೆದರೆ ಬಾಗಿಲು ಹಾಕುವಷ್ಟರಲ್ಲಿ ಚಪ್ಪಟೆ. ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯಿಲ್ಲ. ಹೊಸ ಟ್ಯೂಬು ಹಾಕಿದ, ಅದೂ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಗುಜರಿ ಟರ್ನರಮ್ಮನ ಮನೆಗೆ ಹೋದ. ಆಕೆ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದರು.

"ಅಮ್ಮಾ, ಗಾಡಿಯ ಗಾಳಿ ಬಿಟ್ಟೆ."

ಮಷಿನ್ನು ನಿಂತಿತು. "ಮುಂದಿನ ಚಕ್ರದ್ದೋ? ಹಿಂದಿನದೋ?"

"ಹಿಂದಿನದು."

ಆಕೆ ಎದ್ದು ಬಾಗಿಲು ಮುಂದೆ ಮಾಡಿದರು. ಆಮೇಲೆ ಕಪಾಟಿನಿಂದ ಬೆರಳುದ್ದದ ಒಂದು ಹಿತ್ತಾಳೆ ಕೊಳವೆ ತೆಗೆದರು. ಒಂದು ತುದಿಯಲ್ಲಿ ಹಲ್ಲಿನ ಗುರುತು.

"ಪಂಪು ಹೊಡೆದ್ರೆ ಟೈರು ಸೆಟೆದುಕೊಳ್ಳುತ್ತೆ, ಬಂಡೆ ಮೇಲೆ ಜಾರುತ್ತೆ ಅನ್ನೋರು ನಮ್ಮೋರು. ಹಿಂದಿನ ಚಕ್ರಕ್ಕೆ ಬಾಯಲ್ಲೇ ಊದೋರು, ಇದನ್ನ ಕಚ್ಚಿಕೊಂಡು. ಜನ ನಗೋರು. ಪಂದ್ಯದ ಹಿಂದಿನ ದಿನ ಊದಿ, ಮುಚ್ಚಳ ತಿರುಗಿಸಿದ್ರು. ನಾನು ಬಾಗಿಲಲ್ಲೇ ನಿಂತಿದ್ದೆ. ತಿರುಗಿ ಉಸಿರು ಎಳ್ಕೊಳ್ಳಲೇ ಇಲ್ಲ ಕಣಪ್ಪಾ."

"ಮೊದಲೇ ಹೇಳಬಾರದಿತ್ತಾ ಅಮ್ಮಾ?"

"ಇಂಜಿನ್ ಸರಿ ಮಾಡ್ತೀನಿ ಅಂದೆ. ಗಾಳಿಗೆ ಕೈ ಹಾಕ್ತೀಯ ಅಂತ ನನಗೇನು ಗೊತ್ತು?" ಆಮೇಲೆ ದನಿ ತಗ್ಗಿಸಿದರು. "ಯಾರ ಎದೇಲಿದೆ ಈಗ?"

"ನನ್ನ ಮಗಳು..."

ಆಕೆ ಕೊಳವೆಯನ್ನು ಅವನ ಕೈಗಿಟ್ಟು ಬೆರಳು ಮಡಚಿದರು. "ಹಳೇ ಟ್ಯೂಬೇ ಹಾಕು. ಅವಳು ಬಿಟ್ಟಾಗ ನೀನು ಎಳ್ಕೋ. ಎಳ್ಕೊಂಡದ್ದನ್ನ ಚಕ್ರಕ್ಕೆ ಊದು. ಒಂದನ್ನೂ ಒಳಗೆ ಉಳಿಸ್ಕೋಬೇಡ. ಕೇಳಿಸ್ತಾ? ಒಂದನ್ನೂ."

ಅವತ್ತು ರಾತ್ರಿ ಚಕ್ರ ನಮ್ಮ ಮನೆಯ ಒಳಕೋಣೆಗೆ ಬಂತು. ಪುಟ್ಟಿಯ ಮಂಚದ ಪಕ್ಕ ಗುಜರಿ ನೆಲದ ಮೇಲೆ ಕೂತ, ಚಕ್ರ ತೊಡೆಗಳ ನಡುವೆ. ವಾರಗಿತ್ತಿ ಗೋಡೆಗೆ ಒರಗಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನಾನು ಗಡಿಯಾರ, ಪೆನ್ಸಿಲ್ಲು ಹಿಡಿದಿದ್ದೆ. ನಿಮಿಷಕ್ಕೆ ಐವತ್ತೊಂದು. ಹುಡುಗಿಯ ತುಟಿ ನೀಲಿ.

ಅವನು ಬಗ್ಗಿದ. ಮಗಳು ಉಸಿರು ಬಿಟ್ಟಳು. ಇವನು ಎಳೆದುಕೊಂಡ. ವಾಲ್ವಿಗೆ ಸೇರಿಸಿದ್ದ ಹಿತ್ತಾಳೆ ಕೊಳವೆ ಕಚ್ಚಿ ಊದಿದ.

ಫೂ...

ಬೆರಳಿಟ್ಟು ಒತ್ತಿಹಿಡಿದ. ಮತ್ತೆ ಬಗ್ಗಿದ. ಫೂ... ಟೈರಿನ ರಬ್ಬರು ಒಳಗಿಂದ ಟಿಕ್... ಟಿಕ್... ಎಂದು ರಿಮ್ಮಿಗೆ ಕೂರುವ ಸದ್ದು. ಮನುಷ್ಯನ ಬಾಯಿಂದ ಟೈರು ತುಂಬುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅದು ತುಂಬುತ್ತಿತ್ತು.

"ಎಷ್ಟು?" ಎಂದು ವಾರಗಿತ್ತಿ ಪಿಸುಗುಟ್ಟಿದಳು.

"ನಲವತ್ತಕ್ಕೆ ಇಳಿದಿದೆ. ಸುಮ್ಮನಿರು."

ಮೂವತ್ತಮೂರು. ಇಪ್ಪತ್ತಾರು. ಗುಜರಿಯ ಕಣ್ಣು ಕೆಂಪಗೆ, ಕತ್ತಿನ ನರ ಹಗ್ಗದ ಹಾಗೆ. ಒಮ್ಮೆ ನನ್ನ ಕಡೆ ತಿರುಗಿ, "ಅತ್ತಿಗೆ... ಇದು ನಾನು ಊದ್ತಿರೋದಲ್ಲ," ಎಂದ. "ಊದು," ಎಂದೆ.

ಇಪ್ಪತ್ತು. ಪುಟ್ಟಿಯ ತುಟಿಗೆ ಬಣ್ಣ ಬಂತು. ಟೈರು ಗುಂಡಗಾಯಿತು. ಅವನು ಮುಚ್ಚಳ ತಿರುಗಿಸಿ ಬಿಗಿದ. ವಾರಗಿತ್ತಿ ಅಳುತ್ತಾ ಕುಸಿದಳು. ಅವನೂ ಅಳುತ್ತಾ, ಮಗಳ ಮುಖಕ್ಕೆ ಮುಖ ತಾಗಿಸಿದ. ಆಗ ಪುಟ್ಟಿ ನಿದ್ದೆಯಲ್ಲೇ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟಳು... ಬಿಕ್ಕುತ್ತಿದ್ದ ಅವನು ಹಾಗೇ ಒಳಗೆಳೆದುಕೊಂಡ.

ನನ್ನ ಡೈರಿಯ ಆ ಪುಟದಲ್ಲಿ ಪೆನ್ಸಿಲ್ ಗೀಟುಗಳು ಎರಡು ಸಾಲಾಗಿವೆ. ಎಳೆದದ್ದು ನಲವತ್ತೊಂದು. ಊದಿದ್ದು ನಲವತ್ತು. ಮೂರು ಸಲ ಎಣಿಸಿದೆ. "ಎಲ್ಲಾ ಊದಿದೆ ಅಲ್ವಾ ಅತ್ತಿಗೆ?" ಎಂದು ಅವನು ಕೇಳಿದಾಗ "ಹೂಂ" ಎಂದೆ.

ತಿಂಗಳ ಕೊನೆಗೆ ಬೈಕು ಓಡಿತು. ಟರ್ನರ್ ಯಜಮಾನರ ಜೊತೆಗಾರರೊಬ್ಬರು ಅದನ್ನು ಕ್ವಾರಿಯ ಬಂಡೆಯ ತುದಿಯವರೆಗೆ ಹತ್ತಿಸಿದರಂತೆ, ಕಾಲು ಒಮ್ಮೆಯೂ ನೆಲಕ್ಕೆ ತಾಗಿಸದೆ. ನೋಡಲು ಗುಜರಿ ಹೋಗಲಿಲ್ಲ. ಆ ಸಂಜೆಯೇ ಟರ್ನರಮ್ಮ ಗಾಡಿಯನ್ನು ಮನೆಗೆ ಸಾಗಿಸಿ ಶೆಡ್ಡಿಗೆ ಬೀಗ ಹಾಕಿದರು.

ಪುಟ್ಟಿಗೆ ಆಮೇಲೆ ಒಂದು ದಿನವೂ ಎದೆ ಕಟ್ಟಲಿಲ್ಲ. ಈಗ ಅವಳು ಮಕ್ಕಳಿಗೆ ಈಜು ಕಲಿಸುತ್ತಾಳೆ.

ಕೊನೆಗೆ ಇದಕ್ಕೆ ತೆತ್ತದ್ದು ಇಷ್ಟು. ಗುಜರಿಗೆ ಆಗ ಮೂವತ್ತೆಂಟು ವರ್ಷ. ಆಸ್ಪತ್ರೆಯಲ್ಲಿ ಊದಿಸಿ ನೋಡುವ ಮೀಟರಿನಲ್ಲಿ, ಆರು ನೂರರ ಹತ್ತಿರ ಹೋಗಬೇಕಾದ ಮುಳ್ಳು ಇನ್ನೂರಹತ್ತಕ್ಕೆ ನಿಂತಿತು. ಎಕ್ಸ್‌ರೇ ಸ್ವಚ್ಛ. ಮುಳ್ಳು ಮತ್ತೆ ಏರಲೇ ಇಲ್ಲ. ವರ್ಷ ತುಂಬುವುದರೊಳಗೆ ವರ್ಕ್‌ಶಾಪ್ ಮುಚ್ಚಿದ. ಈಗ ಬಿಡಿಭಾಗದ ಅಂಗಡಿಯಲ್ಲಿ ಕೂತು ಕೆಲಸ. ಮಹಡಿ ಹತ್ತಲಾರ. ಮಾತನ್ನು ಅರ್ಧಕ್ಕೆ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಾನೆ.

ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಜಗಳವೇನಿಲ್ಲ, ಪಾಪ. ಅವನು ನಿದ್ದೆಯಲ್ಲಿ ಒಂದು ಸಲ ಉಸಿರು ಎಳೆದುಕೊಂಡರೆ, ಎರಡು ಸಲ ಬಿಡುತ್ತಾನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಅವನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಮೂರು ರಾತ್ರಿ ಎಣಿಸಿದ್ದೇನೆ. ಲೆಕ್ಕ ತಪ್ಪಿಲ್ಲ.