ಆ ನಂಬರಿನವರು ಇಲ್ಲಿದ್ದರೆ

ಈ ಶ್ರದ್ಧಾಂಜಲಿ ಸಭೆಯ ಅಧ್ಯಕ್ಷರೇ, ನಮ್ಮ ಸಿಸ್ಟರ್ ಅವರ ಯಜಮಾನರೇ, ಅತ್ತೆಯವರೇ, ಮಗಳೇ, ಈ ಆಸ್ಪತ್ರೆಯಲ್ಲಿ ಅವರ ಜೊತೆ ದುಡಿದವರೇ, ಮತ್ತು — ಹಿಂದೆ ಗೋಡೆಗೆ ಒರಗಿ ನಿಂತಿರುವವರೇ, ಎಲ್ಲರಿಗೂ ನಮಸ್ಕಾರ.

ನಾನು ಕೆಳಗಿನ ಲ್ಯಾಬಿನವನು. ಭಾಷಣ ನನ್ನ ಕೆಲಸ ಅಲ್ಲ. ಒಂದೇ ಕಡೆ ನಿಂತು ಮಾತಾಡಲು ಇವತ್ತು ಆಗುತ್ತಲೂ ಇಲ್ಲ. ಸ್ವಲ್ಪ ಆಚೀಚೆ ಓಡಾಡುತ್ತೇನೆ, ಸಹಿಸಿಕೊಳ್ಳಿ.

ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ನನ್ನ ತೋಳು ಹಿಡಿದು, "ಅವರ ಸೇವೆ ಬಗ್ಗೆ ಮಾತಾಡಿ ಸಾಕು. ಆ ಕಾಯಿಲೆಗಳ ವಿಷಯ ಎತ್ತಬೇಡಿ. ಹೆಂಗಸರು, ಮಕ್ಕಳು ಕೂತಿರ್ತಾರೆ" ಅಂದರು. ಕ್ಷಮಿಸಿ ಅಧ್ಯಕ್ಷರೇ. ಸಿಸ್ಟರ್ ಆಯಸ್ಸೆಲ್ಲಾ ಮಾತಾಡಿದ್ದು ಅದೊಂದೇ ವಿಷಯ. ಗಂಡು ಹೆಣ್ಣು ಕೂಡುವ ವಿಷಯ, ಅದರಿಂದ ಹತ್ತುವ ಕಾಯಿಲೆ, ಅದನ್ನು ಮುಚ್ಚಿಡುವ ನಮ್ಮ ಬುದ್ಧಿ. ಅದನ್ನು ಬಿಟ್ಟು ಅವರ ಬಗ್ಗೆ ಏನು ಹೇಳಲಿ? ಯೂನಿಫಾರ್ಮ್ ಚೆನ್ನಾಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು ಅಂತಲೇ?

ಅವರನ್ನು ನಾವು ಜೋರು ಸಿಸ್ಟರ್ ಅನ್ನುತ್ತಿದ್ದೆವು. ಅವರೆದುರಿಗೇ. ಗಂಟಲು ಅಂಥದ್ದು. ಗುಪ್ತರೋಗ ವಿಭಾಗದ ಗುಟ್ಟಿನ ಕೋಣೆಯಲ್ಲಿ ಇಂಥ ಗಂಟಲಿನವರನ್ನು ಯಾರು ಕೂರಿಸಿದರಪ್ಪ ಅಂತ ಮೊದಲ ದಿನ ನನಗೆ ಅನ್ನಿಸಿತ್ತು. "ಕಾಂಡೋಮ್ ಬಳಸ್ತೀರಾ ಇಲ್ವಾ? ನೆಲ ನೋಡ್ಬೇಡಿ, ನನ್ನ ನೋಡಿ!" — ಕಾರಿಡಾರಿನ ಬೆಂಚಿನವರೆಲ್ಲ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಗೊತ್ತಾಯಿತು. ಆ ಕೋಣೆಗೆ ಹೋದ ಪ್ರತಿಯೊಬ್ಬರಿಗೂ ಅದೇ ಗದರಿಕೆ! ಮಂಡಿನೋವಿನ ಮುದುಕಿ ದಾರಿ ತಪ್ಪಿ ಒಳಗೆ ಹೋದರೆ ಅವರಿಗೂ ಅದೇ. ನಲ್ಲಿ ರಿಪೇರಿಗೆ ಬಂದವನಿಗೂ ಅದೇ. "ಇಬ್ಬರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಉರಿ ಇದ್ದರೆ ಮುಚ್ಚಿಡಬೇಡಿ. ನಿಮಗೆ ಬಂದಿದ್ದರೆ ಜೊತೆಗಿರೋರಿಗೂ ಬಂದಿರಬಹುದು, ಕರ್ಕೊಂಡು ಬನ್ನಿ." ಆ ನಲ್ಲಿಯವನು ಹೊರಗೆ ಬಂದು ಬೆವರು ಒರೆಸಿಕೊಂಡು, "ವಾಷರ್ ಹಾಕೋಕೆ ಬಂದೆ ಸಾರ್, ನನಗೆ ಮದುವೆನೇ ಆಗಿಲ್ಲ" ಅಂದ. ಹೊರಗೆ ಕೂತವರಿಗೆ ಯಾರಿಗೆ ನಿಜಕ್ಕೂ ಏನಿದೆ ಅಂತ ತಿಳಿಯಲು ದಾರಿಯೇ ಇರಲಿಲ್ಲ. ಅಷ್ಟು ಕಿರುಚಿದರೂ ಒಬ್ಬರ ಗುಟ್ಟೂ ಆ ಬಾಗಿಲು ದಾಟಲಿಲ್ಲ.

ಅಜ್ಜೀ, ಹಲ್ಲಿನ ಕಥೆ ಹೇಳಲಾ? — ಹೇಳು ಅಂತ ತಲೆ ಆಡಿಸುತ್ತಿದ್ದಾರೆ. ಸೊಸೆ ಇಂಥ ವಿಭಾಗದಲ್ಲಿದ್ದಾಳೆ ಅಂತ ಹೇಳಿಕೊಳ್ಳಲು ಇವರಿಗೆ ನಾಚಿಕೆ. ನೆಂಟರಿಗೆಲ್ಲ, "ನಮ್ಮ ಸೊಸೆ ಹಲ್ಲಿನ ವಿಭಾಗದಲ್ಲಿದ್ದಾಳೆ" ಅಂತ ಹೇಳಿಬಿಟ್ಟರು. ತಗೊಳ್ಳಿ, ನೆಂಟರೆಲ್ಲ ದವಡೆ ಹಿಡಿದುಕೊಂಡು ಬರತೊಡಗಿದರು! ಸಿಸ್ಟರ್ ಅವರಿಗೂ ಗದರಿ, ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಹಲ್ಲುನೋವಿನವರೂ ಆ ಕೋಣೆಗೇ ಹೋಗುತ್ತಾರೆ ಅನ್ನುವ ಸುದ್ದಿ ಹೇಗೋ ಹರಡಿತು. ಕೆಲವೇ ದಿನಗಳಲ್ಲಿ ಬೆಂಚಿನ ಮೇಲೆ ಅರ್ಧ ಜನ ಕೆನ್ನೆ ಹಿಡಿದುಕೊಂಡು ಕೂತಿರುತ್ತಿದ್ದರು. ಅವರಲ್ಲಿ ಹಲ್ಲುನೋವು ಎಷ್ಟು ಜನಕ್ಕಿತ್ತೋ ದೇವರಿಗೇ ಗೊತ್ತು. ನಗಿ, ಪರವಾಗಿಲ್ಲ. ಅವರಿದ್ದಿದ್ದರೆ ನಮಗಿಂತ ಜೋರಾಗಿ ನಗುತ್ತಿದ್ದರು.

ಈಗ — ಇಲ್ಲ, ನೀರು ಬೇಡ. ಹೇಳಿ ಮುಗಿಸುತ್ತೇನೆ.

ನಮ್ಮಲ್ಲಿ ಹೆಸರು ಕೇಳುವ ಪದ್ಧತಿ ಇಲ್ಲ. ರಕ್ತ ತೆಗೆಯುವವರೂ ಸಿಸ್ಟರೇ. ನನ್ನ ಕೈಗೆ ಬರುವುದು ನಂಬರು ಬರೆದ ಟ್ಯೂಬು ಮಾತ್ರ. ಯಾವ ನಂಬರು ಯಾರದು ಅನ್ನುವುದು ಅವರ ತಲೆಯಲ್ಲಿ ಮಾತ್ರ ಇರುತ್ತಿತ್ತು. ಅವರು ಹೋಗುವ ಮುಂಚಿನ ವಾರ ಒಂದು ನಂಬರಿನ ಫಲಿತಾಂಶ ಕೆಟ್ಟದಾಗಿ ಬಂತು. ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಆ ನಂಬರಿನವರಿಗೆ ಚಿಕಿತ್ಸೆ ಕೊಟ್ಟಾಯಿತು, ಗುಣವೂ ಆಗುತ್ತದೆ. ಆದರೆ, ಸಿಸ್ಟರ್ ಹೇಳಿದ ಪ್ರಕಾರ, ಅವರ ಜೊತೆ ಬಾಳುವ ಇನ್ನೊಬ್ಬರಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ. ಉರಿ ಇಲ್ಲ, ನೋವಿಲ್ಲ, ಸಂಶಯವೂ ಇಲ್ಲ. ಒಳಗೊಳಗೇ ಅದು ತನ್ನ ಕೆಲಸ ಮಾಡುತ್ತಿರಬಹುದು.

ನಾನು ಕೋಣೆಗೆ ನುಗ್ಗಿ, "ಸಿಸ್ಟರ್, ಹೆಸರು ಹೇಳಿ. ನಾನೇ ಹೋಗಿ ಆ ಮನೆಯವರಿಗೆ ಹೇಳ್ತೀನಿ" ಅಂದೆ.

"ನೀವು ಹೋಗಿ ಹೇಳಿದ್ರೆ ಒಂದು ಮನೆ ಉಳಿಯುತ್ತೆ ಅಂತಿಟ್ಕೊಳ್ಳಿ. ನಾಳೆಯಿಂದ ಈ ಬಾಗಿಲಿಗೆ ಯಾರು ಬರ್ತಾರೆ? ಬರದೇ ಇರೋರ ಮನೆಗಳ ಗತಿ ಏನು?"

"ಆ ಮನೇಲಿರೋರು ಏನು ತಪ್ಪು ಮಾಡಿದ್ದಾರೆ ಸಿಸ್ಟರ್? ಅವರ ಮೈ ಅಲ್ವಾ ಅದು? ಅವರಿಗೆ ಗೊತ್ತಾಗಬೇಕಾದ್ದು ನ್ಯಾಯ ಅಲ್ವಾ?"

ನಾನು ಕಂಡಂತೆ ಮೊದಲ ಸಲ ಅವರ ದನಿ ತಗ್ಗಿತು. "ನ್ಯಾಯಾನೇ. ಅದಕ್ಕೇ ನನಗೆ ಊಟ ಸೇರ್ತಿಲ್ಲ" ಅಂದರು. "ಸೋಮವಾರ ಇಬ್ಬರೂ ಬರ್ತೀವಿ ಅಂತ ಮಾತು ಕೊಟ್ಟಿದ್ದಾರೆ. ಹೇಳೋಕೆ ಬಾಯಿ ಬರದಿದ್ರೆ ಪಕ್ಕದಲ್ಲಿ ಕೂತು ನಾನು ಹೇಳ್ತೀನಿ. ಸೋಮವಾರದ ತನಕ ತಡ್ಕೊಳ್ಳಿ ಮಾರಾಯರೇ."

ಭಾನುವಾರ, ಬಟ್ಟೆ ಮಡಚುತ್ತಾ ಇದ್ದವರು ಹಾಗೇ ಕುಸಿದರು. ಸೋಮವಾರ ಆ ನಂಬರು ಹೇಳಿಕೊಂಡು ಯಾರೂ ಬರಲಿಲ್ಲ. ಆಮೇಲೂ ಬಂದಿಲ್ಲ.

ಅವರು ಮಾಡಿದ್ದು ಸರಿಯೇ? ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಅವರ ಫೋಟೋದ ಮುಂದೆ ನಿಂತೇ ಹೇಳುತ್ತಿದ್ದೇನೆ, ಒಪ್ಪಿಲ್ಲ. ಲ್ಯಾಬಿನ ಫ್ರಿಜ್ಜು ತೆರೆದಾಗಲೆಲ್ಲ ಆ ನಂಬರು ಕಣ್ಣಿಗೆ ಬೀಳುತ್ತದೆ. ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಜೋಡಿಯನ್ನು ಕಂಡರೆ, ಇವರೇ ಇರಬಹುದೇ ಅನ್ನಿಸುತ್ತದೆ. ಹುಚ್ಚು ಹಿಡಿದ ಹಾಗಾಗಿದೆ.

ಇವತ್ತು ಈ ಹಾಲ್ ತುಂಬಿದೆ. "ಇಷ್ಟೊಂದು ಜನ ಯಾರು ಅಂಕಲ್?" ಅಂತ ಅವರ ಮಗಳು ಕೇಳಿದಳು. ಗೊತ್ತಿಲ್ಲಮ್ಮ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಆದರೆ ಇಷ್ಟು ಜನ ಬಂದಿರುವಾಗ ಆ ನಂಬರಿನವರೂ ಬಂದಿರಬಹುದು. ಅದಕ್ಕೇ ಈ ಮೈಕ್ ಕೇಳಿ ಪಡೆದೆ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ.

ನಾನೀಗ ಎಲ್ಲರಿಗೂ ಹೇಳುತ್ತಿದ್ದೇನೆ. ಅಧ್ಯಕ್ಷರನ್ನೂ ಸೇರಿಸಿ! ನಿಮ್ಮನ್ನು ಯಾರೂ ಬೈಯುವುದಿಲ್ಲ. ಎಲ್ಲಿಂದ ಬಂತು ಅಂತ ಯಾರೂ ಕೆದಕುವುದಿಲ್ಲ. ಒಬ್ಬರು ಔಷಧಿ ತೆಗೆದುಕೊಂಡು ಇನ್ನೊಬ್ಬರನ್ನು ಬಿಟ್ಟರೆ ಅದು ಮತ್ತೆ ನಿಮ್ಮ ಮೈಗೇ ಬರುತ್ತದೆ. ಅದಕ್ಕಿಂತ ದೊಡ್ಡದೆಂದರೆ, ನಿಮ್ಮನ್ನು ನಂಬಿ ಮಗ್ಗುಲಲ್ಲಿ ಮಲಗುವವರಿಗೆ ತಮ್ಮ ಮೈಯಲ್ಲಿ ಏನಿದೆ ಅಂತ ತಿಳಿಯುವ ಹಕ್ಕಿದೆ. ಹೇಳಿದರೆ ಮನೆ ಒಡೆಯಬಹುದು. ಒಡೆಯುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಸಿಸ್ಟರ್ ಕೂಡ ಹೇಳುತ್ತಿರಲಿಲ್ಲ. ಆದರೂ ಹೇಳಿ. ಒಬ್ಬರೇ ಹೇಳಲಾಗದಿದ್ದರೆ, ಹೇಳಲು ಜೊತೆಗೆ ನಾವಿದ್ದೇವೆ.

ನಮ್ಮ ಡಾಕ್ಟರಮ್ಮ ಸಭೆಗೆ ಯಾಕೆ ಬಂದಿಲ್ಲ ಅಂತ ಕೆಲವರು ಗೊಣಗುತ್ತಿದ್ದಿರಿ. ಅವರು ಕೆಳಗೆ, ಸಿಸ್ಟರ್ ಕೋಣೆಯಲ್ಲಿ ಕೂತಿದ್ದಾರೆ. ಬಾಗಿಲು ತೆರೆದಿದೆ. ಒಬ್ಬರೇ ಎದ್ದು ಹೋದರೆ ಗುರುತು ಸಿಗುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಬೆಳಿಗ್ಗೆ ಸಿಸ್ಟರ್ ಮನೆಗೆ ಹೋಗಿ ಆ ಭಯದ ಬಗ್ಗೆ ಮಾತಾಡಿದೆ. ಯಜಮಾನರು ತಾಯಿಯ ಮುಖ ನೋಡಿದರು. ಅಜ್ಜಿ, "ಅದಕ್ಕೇನಂತೆ, ನಾವೂ ಹೋಗೋಣ. ನಾನು ಮುಂದೆ ನಡೀತೀನಿ" ಅಂದರು.

ಆದ್ದರಿಂದ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಾವು ಮೌನವಾಗಿ ನಿಂತಿರುವಾಗ ಅಜ್ಜಿ, ಯಜಮಾನರು, ಮಗಳು, ನಮ್ಮ ಸಿಬ್ಬಂದಿಯೆಲ್ಲ ಮೆಟ್ಟಿಲಿಳಿದು ಆ ಕೋಣೆಗೆ ಹೋಗುತ್ತಾರೆ. ಅವರ ಜೊತೆ ಯಾರು ಬೇಕಾದರೂ ಹೋಗಬಹುದು. ತುಂಬಾ ಹೆಜ್ಜೆಗಳ ಸದ್ದು ಕೇಳಿಸುತ್ತದೆ. ಯಾರದ್ದು ಅಂತ ತಿರುಗಿ ನೋಡಬೇಡಿ. ನಾನೂ ನೋಡುವುದಿಲ್ಲ.

ಎಲ್ಲರೂ ಕಣ್ಣು ಮುಚ್ಚಿ.

ಅಜ್ಜೀ, ನಡೀರಿ.